ನಮ್ಮ ಚರ್ಚಿನ ಬುಕ್ ಕ್ಲಬ್ಬಿನ ಈ ವರ್ಷದ ಪಟ್ಟಿ: ಜಗಳಕ್ಕೆ ಜಾಗವಿರುವ ಪುಸ್ತಕಗಳು

ಅಂತೂ ಇಂತೂ ಈ ವರ್ಷದ ಪಟ್ಟಿ ಸಿದ್ಧವಾಯಿತು. ಚರ್ಚಿನ ಬುಕ್ ಕ್ಲಬ್ಬಿಗೆ ಪುಸ್ತಕ ಆರಿಸುವುದು ಏನು ಮಹಾ ಕೆಲಸ ಅಂತ ಹೊರಗಿನವರಿಗೆ ಅನ್ನಿಸಬಹುದು. ಒಂದಿಷ್ಟು ಧ್ಯಾನದ ಪುಸ್ತಕ, ಒಂದಿಷ್ಟು ಸಂತರ ಜೀವನ, ಅಷ್ಟೇ ತಾನೇ ಅಂತ ಒಬ್ಬರು ನನ್ನನ್ನು ಕೇಳಿಯೂ ಕೇಳಿದರು. ಅಷ್ಟೇ ಆಗಿದ್ದರೆ ಇಷ್ಟು ಉದ್ದ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಹೋದ ವರ್ಷದ ಪಟ್ಟಿಯಲ್ಲಿ ಕೆಟ್ಟ ಪುಸ್ತಕ ಒಂದೂ ಇರಲಿಲ್ಲ. ತೊಂದರೆ ಆಗಿದ್ದೇ ಅಲ್ಲಿ. ನಾವು ಆಗಲೇ ನಂಬಿಕೊಂಡಿದ್ದನ್ನೇ ಇನ್ನೊಂದು ಸಲ ಚೆನ್ನಾಗಿ ಹೇಳುವ ಪುಸ್ತಕಗಳು ಅವೆಲ್ಲ. ಆರಂಭದ ಪ್ರಾರ್ಥನೆ ಮುಗಿಯುತ್ತಿತ್ತು. ಪುಸ್ತಕ ಹೇಗಿತ್ತು ಅಂತ ಕೇಳಿದರೆ "ತುಂಬಾ ಆಶೀರ್ವಾದ ಆಯ್ತು" ಅಂತ ಒಬ್ಬರು. "ನನಗೂ ಅಷ್ಟೇ" ಅಂತ ಪಕ್ಕದವರು. ಅಲ್ಲಿಗೆ ಪುಸ್ತಕದ ಕಥೆ ಮುಗೀತು. ಆಮೇಲೆ ಯಾರ ಮಂಡಿ ನೋವು ಹೇಗಿದೆ, ಯಾರ ಮಗನಿಗೆ ಕೆಲಸ ಸಿಕ್ಕಿತು, ಇದೇ ಮಾತು. ಅದು ಬೇಡವಾದ ಮಾತು ಅಂತಲ್ಲ. ಆದರೆ ಅದಕ್ಕೆ ಪುಸ್ತಕ ಯಾಕೆ ಬೇಕು, ಅಲ್ವಾ?

ಹಾಗಾಗಿ ಈ ಸಲ ಪುಸ್ತಕ ಸೂಚಿಸುವ ಚೀಟಿಯಲ್ಲಿ ಒಂದು ಪ್ರಶ್ನೆ ಜಾಸ್ತಿ ಸೇರಿಸಿದೆವು. ಪುಸ್ತಕದ ಹೆಸರು, ಪುಟ ಎಷ್ಟು, ದೊಡ್ಡಕ್ಷರದ ಪ್ರತಿಯೋ ಆಡಿಯೋವೋ ಸಿಗುತ್ತದಾ ಅನ್ನುವುದೆಲ್ಲ ಮೊದಲಿಂದಲೂ ಇತ್ತು. ಹೊಸ ಪ್ರಶ್ನೆ ಇದು: ಈ ಪುಸ್ತಕದ ಯಾವ ಮಾತನ್ನು ನಮ್ಮಲ್ಲಿ ಯಾರಾದರೂ ಒಪ್ಪದೇ ಇರಬಹುದು? ಇದಕ್ಕೆ ಉತ್ತರ ಬರೆಯದ ಚೀಟಿಯನ್ನು ಮತಕ್ಕೆ ಹಾಕುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟೆವು. ಕೆಲವರಿಗೆ ಬೇಜಾರಾಯಿತು. "ಚರ್ಚಿಗೆ ಬರೋದು ಸಮಾಧಾನಕ್ಕೆ, ಜಗಳಕ್ಕಲ್ಲ" ಅಂತ ಒಬ್ಬ ಅಂಕಲ್ ಗೊಣಗಿದರು. ಅವರ ಚೀಟಿಯಲ್ಲಿ ಎಲ್ಲರಿಗಿಂತ ಜಾಸ್ತಿ ಜಗಳದ ವಿಷಯ ಇತ್ತು ಅನ್ನುವುದು ಬೇರೆ ಮಾತು.

ಇನ್ನೂ ಒಂದೆರಡು ನಿಯಮ ಇವೆ. ಪುಸ್ತಕ ಸೂಚಿಸಿದವರೇ ಆ ತಿಂಗಳ ಚರ್ಚೆ ನಡೆಸಬೇಕು. ಇದೊಂದರಿಂದಲೇ ಸುಮ್ನೆ ಹೆಸರು ಕೊಡುವವರು ಅರ್ಧಕ್ಕರ್ಧ ಕಮ್ಮಿಯಾದರು. ಮುನ್ನೂರು ಪುಟ ದಾಟಬಾರದು. ದಾಟಿದರೆ ಯಾವ ಭಾಗ ಓದಬೇಕು ಅಂತ ಅವರೇ ಹೇಳಬೇಕು. ಪಾಸ್ಟರ್ ಬರಬಹುದು, ಆದರೆ ಕೊನೆಯಲ್ಲಿ ಮಾತಾಡಬೇಕು. ಈ ನಿಯಮವನ್ನು ಕೇಳಿಕೊಂಡವರು ಪಾಸ್ಟರೇ. ಅವರು ಮೊದಲು ಬಾಯಿ ಬಿಟ್ಟರೆ ಉಳಿದವರೆಲ್ಲ ತಲೆಯಾಡಿಸಿ ಕೂತುಬಿಡುತ್ತಾರೆ ಅಂತ ಅವರಿಗೂ ಗೊತ್ತು.

ಜನವರಿಗೆ ಸಣ್ಣ ಪುಸ್ತಕ ಬೇಕಿತ್ತು. ಕ್ರಿಸ್‌ಮಸ್ ಗಡಿಬಿಡಿ ಮುಗಿಸಿ ಯಾರೂ ದಪ್ಪ ಪುಸ್ತಕ ಕೈಗೆತ್ತಿಕೊಳ್ಳುವುದಿಲ್ಲ. ಬ್ರದರ್ ಲಾರೆನ್ಸ್ ಅವರ 'ದಿ ಪ್ರಾಕ್ಟೀಸ್ ಆಫ್ ದಿ ಪ್ರೆಸೆನ್ಸ್ ಆಫ್ ಗಾಡ್' ಗೆದ್ದಿತು. ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದು. ಲಾರೆನ್ಸ್ ಮೊದಲು ಸೈನಿಕ. ಆಮೇಲೆ ಪ್ಯಾರಿಸ್ಸಿನ ಕಾರ್ಮೆಲೈಟ್ ಮಠ ಸೇರಿ ಅಡುಗೆಮನೆಯಲ್ಲಿ ದುಡಿದರು. ವಯಸ್ಸಾದ ಮೇಲೆ ಮಠದವರ ಚಪ್ಪಲಿ ರಿಪೇರಿ ಮಾಡುತ್ತಿದ್ದರು. ಪುಸ್ತಕ ಬರೆಯುವ ಯೋಚನೆ ಅವರಿಗೆ ಇರಲೇ ಇಲ್ಲ. 1691ರಲ್ಲಿ ಅವರು ತೀರಿಕೊಂಡ ಮೇಲೆ ಜೋಸೆಫ್ ದ ಬೋಫೋರ್ ಎಂಬ ಪಾದ್ರಿ ಅವರ ಪತ್ರಗಳನ್ನೂ ಅವರ ಜೊತೆ ಆಡಿದ ಮಾತುಗಳನ್ನೂ ಒಟ್ಟು ಮಾಡಿದರು. ಪ್ರಾರ್ಥನೆಯ ಹೊತ್ತು ಬೇರೆ, ಪಾತ್ರೆ ತೊಳೆಯುವ ಹೊತ್ತು ಬೇರೆ ಅಲ್ಲ, ನೆಲದ ಮೇಲಿನ ಹುಲ್ಲುಕಡ್ಡಿ ಎತ್ತುವುದನ್ನೂ ದೇವರ ಪ್ರೀತಿಗಾಗಿ ಮಾಡಬಹುದು ಅನ್ನುವುದು ಅವರ ಮಾತಿನ ತಿರುಳು.

ಇದರಲ್ಲಿ ಜಗಳ ಎಲ್ಲಿ ಬಂತು ಅಂತೀರಾ? ಪುಸ್ತಕ ಸೂಚಿಸಿದ ಆಂಟಿ ಚೀಟಿಯಲ್ಲಿ ಬರೆದಿದ್ದನ್ನು ಹಾಗೇ ಕೊಡುತ್ತೇನೆ: "ಇವರಿಗೆ ಅಡುಗೆಮನೆಯಲ್ಲಿ ದೇವರು ಸಿಕ್ಕಿದ್ದು ನಿಜ. ಮಕ್ಕಳು ಸೆರಗು ಎಳೆಯುತ್ತಿರಲಿಲ್ಲ, ಅತ್ತೆ ಹಿಂದೆ ನಿಂತಿರಲಿಲ್ಲ. ನನಗೆ ಸಿಗಲಿ ನೋಡೋಣ." ಮತ ಎಣಿಸುವ ಮೊದಲೇ ಈ ಪುಸ್ತಕ ಗೆದ್ದಿತ್ತು ಅಂತ ನನ್ನ ಅಭಿಪ್ರಾಯ.

ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಅಂದರೆ ಲೆಂಟ್‌ಗೆ, ಉತ್ತರ ಆಫ್ರಿಕಾದ ಬಿಷಪ್ ಸಂತ ಅಗಸ್ಟೀನರ 'ಕನ್ಫೆಶನ್ಸ್'. ಇದಕ್ಕೆ ಎರಡು ತಿಂಗಳು ಕೊಟ್ಟಿದ್ದೇವೆ. 397ರಿಂದ 400ರ ಆಸುಪಾಸಿನಲ್ಲಿ ಬರೆದದ್ದು, ಒಟ್ಟು ಹದಿಮೂರು ಭಾಗ. ಮೊದಲ ಒಂಬತ್ತರಲ್ಲಿ ಅವರ ಬದುಕಿನ ಕಥೆ ಇದೆ. ಹತ್ತನೆಯದು ನೆನಪಿನ ಬಗ್ಗೆ, ಹನ್ನೊಂದು ಕಾಲದ ಬಗ್ಗೆ, ಕೊನೆಯ ಎರಡು ಆದಿಕಾಂಡದ ಸೃಷ್ಟಿಯ ಬಗ್ಗೆ. ನಾವು ಓದುವುದು ಮೊದಲ ಒಂಬತ್ತು ಮಾತ್ರ. ಹತ್ತನೆಯದು ಬಿಟ್ಟರೆ ಪುಸ್ತಕದ ಜೀವವೇ ಹೋಯಿತು ಅಂತ ಇಬ್ಬರು ವಾದಿಸಿದರು. ಬೇಕಾದವರು ಓದಿಕೊಳ್ಳಿ ಅಂತ ಬಿಟ್ಟೆವು.

ಅಗಸ್ಟೀನ್ ಅಂದರೆ ಎಲ್ಲರಿಗೂ ನೆನಪಾಗುವುದು ಎರಡನೇ ಭಾಗದ ಪೇರ್ ಹಣ್ಣಿನ ಕಳ್ಳತನ. ಹದಿನಾರರ ಹುಡುಗ, ಗೆಳೆಯರ ಜೊತೆ ರಾತ್ರಿ ಪೇರ್ ಹಣ್ಣು ಕದಿಯುತ್ತಾನೆ. ಹಸಿವಿಗಲ್ಲ. ಹಣ್ಣೂ ಅಂಥ ಚೆನ್ನಾಗಿರಲಿಲ್ಲ. ಹೆಚ್ಚಿನದನ್ನು ಹಂದಿಗಳಿಗೆ ಎಸೆಯುತ್ತಾರೆ. ಕದಿಯುವುದಕ್ಕಾಗಿಯೇ ಕದ್ದೆ, ಒಬ್ಬನೇ ಇದ್ದಿದ್ದರೆ ಕದಿಯುತ್ತಿರಲಿಲ್ಲ ಅಂತ ದೊಡ್ಡವರಾದ ಮೇಲೆ ಆ ಬಿಷಪ್ ಪುಟಗಟ್ಟಲೆ ಯೋಚಿಸುತ್ತಾರೆ. ಹದಿಹರೆಯದವರಿಗೆ ಈ ಭಾಗ ಓದಿಸಿ ನೋಡಿ. ಪಾಪದ ಬಗ್ಗೆ ಪಾಸ್ಟರ್ ಮಾಡುವ ನೂರು ಪ್ರಸಂಗ ಹೇಳದ್ದನ್ನು ಇದು ಹೇಳುತ್ತದೆ.

ಆದರೆ ನಾನು ಕಾಯುತ್ತಿರುವುದು ಆರನೇ ಭಾಗದ ಚರ್ಚೆಗೆ. ಅಗಸ್ಟೀನರ ಜೊತೆ ಒಬ್ಬ ಹೆಂಗಸು ಹತ್ತು ವರ್ಷಕ್ಕೂ ಮೀರಿ ಬಾಳಿದಳು. ಅವರಿಬ್ಬರಿಗೆ ಅದಿಯೋದಾತುಸ್ ಎಂಬ ಮಗ. ಆಮೇಲೆ ಅಗಸ್ಟೀನರಿಗೆ ಒಳ್ಳೆ ಮನೆತನದ ಹುಡುಗಿಯ ಜೊತೆ ಮದುವೆ ನಿಶ್ಚಯವಾಗುತ್ತದೆ. ಆ ಮೊದಲಿನ ಹೆಂಗಸನ್ನು ಆಫ್ರಿಕಾಗೆ ವಾಪಸ್ ಕಳಿಸುತ್ತಾರೆ. ಮಗನನ್ನು ಬಿಟ್ಟು ಹೋಗುತ್ತಾಳೆ, ಇನ್ನು ಯಾವ ಗಂಡಸನ್ನೂ ಸೇರುವುದಿಲ್ಲ ಅಂತ ದೇವರಿಗೆ ಹರಕೆ ಹೊತ್ತು. ನನ್ನ ಹೃದಯ ಹರಿದು ರಕ್ತ ಸೋರಿತು ಅಂತ ಅಗಸ್ಟೀನ್ ಬರೆಯುತ್ತಾರೆ. ನಿಶ್ಚಯವಾದ ಹುಡುಗಿ ಇನ್ನೂ ಚಿಕ್ಕವಳು, ಎರಡು ವರ್ಷ ಕಾಯಬೇಕು. ಅಷ್ಟು ಕಾಯಲಾಗದೆ ಇನ್ನೊಬ್ಬಳನ್ನು ಇಟ್ಟುಕೊಳ್ಳುತ್ತಾರೆ. ಅದನ್ನೂ ಮುಚ್ಚಿಡದೆ ಬರೆದಿದ್ದಾರೆ, ಒಪ್ಪಿಕೊಳ್ಳೋಣ. ಆದರೆ ಆ ಮೊದಲಿನವಳ ಹೆಸರು ಮಾತ್ರ ಇಡೀ ಪುಸ್ತಕದಲ್ಲಿ ಎಲ್ಲೂ ಇಲ್ಲ. ತಾಯಿ ಮೋನಿಕಾ ಹೆಸರಿದೆ, ಗೆಳೆಯರ ಹೆಸರಿದೆ, ಗುರುಗಳ ಹೆಸರಿದೆ.

ಅವಳ ಮಾನ ಉಳಿಸಲು ಹೆಸರು ಬಿಟ್ಟರು ಅಂತ ಕೆಲವರು ಹೇಳುತ್ತಾರೆ. ಇರಬಹುದು. ನಮ್ಮ ಕೂಟದ ಒಬ್ಬಳು ಕಾಲೇಜು ಹುಡುಗಿ ಪಟ್ಟಿ ಮಾಡುವ ದಿನವೇ ಎದ್ದು ನಿಂತು, "ಇದರಲ್ಲಿ ನಿಜವಾದ ಸನ್ಯಾಸಿನಿ ಅವಳೇ ಅಲ್ವಾ ಆಂಟಿ? ಅವಳ ಕನ್ಫೆಶನ್ ಯಾರು ಬರೆದರು?" ಅಂದಳು. ಪುಸ್ತಕ ಇನ್ನೂ ಮತಕ್ಕೇ ಬಂದಿರಲಿಲ್ಲ. ಹಿರಿಯರೊಬ್ಬರು ಅಗಸ್ಟೀನರ ಪರ ನಿಂತರು. ಹಾಗಾಗಿ ಮಾರ್ಚ್ ತಿಂಗಳು ಹೇಗಿರುತ್ತದೆ ಅಂತ ನನಗೆ ಈಗಲೇ ಅಂದಾಜಿದೆ. ಆ ತಿಂಗಳು ತಪ್ಪಿಸಬೇಡಿ.

ಈಸ್ಟರ್ ಆದ ಮೇಲೆ ಮೆರಿಲಿನ್ ರಾಬಿನ್ಸನ್ ಅವರ 'ಗಿಲಿಯಡ್' ಕಾದಂಬರಿ. 2004ರದ್ದು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಎಪ್ಪತ್ತಾರರ ಪಾಸ್ಟರ್ ಒಬ್ಬರು ತಮ್ಮ ಚಿಕ್ಕ ಮಗನಿಗೆ ಬರೆಯುವ ಪತ್ರ. ಏನೂ ನಡೆಯೋದೇ ಇಲ್ಲ ಅಂತ ಅರ್ಧ ಜನ ಬೈಯುತ್ತಾರೆ, ಉಳಿದರ್ಧ ಜನ ಅಳುತ್ತಾರೆ. ನಮ್ಮ ಪಾಸ್ಟರ್ ಇದನ್ನು ಓದುತ್ತಾರೆ ಅನ್ನುವುದೇ ನನಗೆ ಕುತೂಹಲ. ಜಾಸ್ತಿ ಹೇಳುವುದಿಲ್ಲ.

ರಜೆ ತಿಂಗಳಲ್ಲಿ ಅರ್ಧ ಜನ ಊರಲ್ಲಿರುವುದಿಲ್ಲ. ಆಗ ಪುಸ್ತಕ ಓದಿಕೊಂಡು ಬನ್ನಿ ಅನ್ನುವುದು ವ್ಯರ್ಥ. ಬಂದವರೇ ಕೂತು ಟಾಲ್‌ಸ್ಟಾಯ್ ಅವರ 'ವಾಟ್ ಮೆನ್ ಲಿವ್ ಬೈ' ಕಥೆಯನ್ನು ಗಟ್ಟಿಯಾಗಿ ಓದುತ್ತೇವೆ. ಬಡ ಮೋಚಿ ಒಬ್ಬ ಚಳಿಯಲ್ಲಿ ಪ್ರಾರ್ಥನಾಗುಡಿಯ ಪಕ್ಕ ಬತ್ತಲೆ ಕೂತ ಮನುಷ್ಯನನ್ನು ಕಂಡು, ಮೊದಲು ಮುಂದೆ ಹೋಗಿ, ಆಮೇಲೆ ಹಿಂದಿರುಗಿ ಮನೆಗೆ ಕರೆತರುತ್ತಾನೆ. ಬರುವ ಗಂಡನನ್ನೂ ಆ ಹೊಸಬನನ್ನೂ ನೋಡಿ ಹೆಂಡತಿ ಮಾಡುವ ಗಲಾಟೆಯನ್ನು ಓದಲು ಇಬ್ಬರು ಈಗಲೇ ಹೆಸರು ಕೊಟ್ಟಿದ್ದಾರೆ. ಅಂದ ಹಾಗೆ, ಟಾಲ್‌ಸ್ಟಾಯ್ ಅವರನ್ನು 1901ರಲ್ಲಿ ರಷ್ಯಾದ ಆರ್ಥಡಾಕ್ಸ್ ಚರ್ಚು ಬಹಿಷ್ಕರಿಸಿತ್ತು. ಅವರ ಕಥೆಯನ್ನು ಚರ್ಚಿನ ಹಾಲಿನಲ್ಲಿ ಓದುವುದು ಸರಿಯಾ ಅಂತ ಒಬ್ಬರು ಕೇಳಿದರು. ಕಥೆ ಓದಿ ಮುಗಿಸಿ ಆಮೇಲೆ ಕೇಳಿ ಅಂದೆ.

ಇನ್ನು ಕೊರಿ ಟೆನ್ ಬೂಮ್ ಅವರ 'ದಿ ಹೈಡಿಂಗ್ ಪ್ಲೇಸ್'. ಅತಿ ಹೆಚ್ಚು ಮತ ಇದಕ್ಕೇ ಬಿತ್ತು. ನಿಜ ಹೇಳಬೇಕೆಂದರೆ ನನಗೆ ಅನುಮಾನವಿತ್ತು. ಎಲ್ಲರೂ ಇಷ್ಟಪಡುವ ಪುಸ್ತಕ, ಮತ್ತೆ "ಆಶೀರ್ವಾದ ಆಯ್ತು" ಅಂತ ಎದ್ದು ಹೋಗುತ್ತಾರೆ ಅಂದುಕೊಂಡೆ. 1971ರಲ್ಲಿ ಜಾನ್ ಮತ್ತು ಎಲಿಜಬೆತ್ ಶೆರಿಲ್ ಅವರ ಜೊತೆ ಸೇರಿ ಬರೆದದ್ದು. ಹಾಲೆಂಡಿನ ಹಾರ್ಲೆಮ್‌ನಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಕುಟುಂಬ, ನಾಜಿಗಳ ಕಾಲದಲ್ಲಿ ಯೆಹೂದ್ಯರನ್ನು ಮನೆಯೊಳಗೆ ಬಚ್ಚಿಟ್ಟದ್ದು, 1944ರ ಫೆಬ್ರವರಿ 28ರಂದು ಸಿಕ್ಕಿಬಿದ್ದದ್ದು, ಎಂಬತ್ತು ದಾಟಿದ ತಂದೆ ಹತ್ತೇ ದಿನದಲ್ಲಿ ತೀರಿಕೊಂಡದ್ದು, ಅಕ್ಕ ಬೆಟ್ಸಿ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಕಣ್ಣು ಮುಚ್ಚಿದ್ದು. ಬ್ಯಾರಕ್ಕಿನ ಚಿಗಟಗಳಿಗೂ ದೇವರಿಗೆ ಸ್ತೋತ್ರ ಹೇಳಬೇಕು ಅಂತ ಬೆಟ್ಸಿ ಹಟ ಹಿಡಿಯುವುದು, ಆ ಚಿಗಟಗಳ ಕಾಟಕ್ಕೇ ಕಾವಲುಗಾರರು ಒಳಗೆ ಬಾರದೆ ಬೈಬಲ್ ಓದು ನಡೆಯುತ್ತಿತ್ತು ಅಂತ ಆಮೇಲೆ ಗೊತ್ತಾಗುವುದು, ಇದನ್ನೆಲ್ಲ ನಾವು ಪ್ರಸಂಗಗಳಲ್ಲಿ ಕೇಳಿ ಕೇಳಿ ಸವೆಸಿದ್ದೇವೆ.

ಆದರೆ ಸೂಚಿಸಿದವರ ಚೀಟಿ ಓದಿದಾಗ ನನ್ನ ಅನುಮಾನ ಹೋಯಿತು. ಅವರು ಚಿಗಟದ ಸುದ್ದಿಗೇ ಹೋಗಿರಲಿಲ್ಲ. ಸುಳ್ಳಿನ ಬಗ್ಗೆ ಬರೆದಿದ್ದರು. ಕೊರಿಯ ಅಕ್ಕ ನೋಲಿ ಅವರ ಮನೆಗೆ ಸೈನಿಕರು ಗಂಡುಹುಡುಗರನ್ನು ಹುಡುಕಿಕೊಂಡು ಬರುತ್ತಾರೆ. ಹುಡುಗರು ಅಡುಗೆಮನೆಯ ಮೇಜಿನ ಕೆಳಗೆ, ನೆಲದ ಮುಚ್ಚಳದಡಿಯ ಗುಂಡಿಯಲ್ಲಿ ಅಡಗಿದ್ದಾರೆ. ಅಣ್ಣಂದಿರು ಎಲ್ಲಿ ಅಂತ ಕೇಳಿದಾಗ ನೋಲಿಯ ಮಗಳು ಮೇಜಿನ ಕೆಳಗೆ ಅಂತ ನಿಜವನ್ನೇ ಹೇಳಿಬಿಡುತ್ತಾಳೆ. ಸೈನಿಕ ಮೇಜಿನ ಬಟ್ಟೆ ಎಳೆದು ಬಗ್ಗುತ್ತಾನೆ. ಏನೂ ಇಲ್ಲ. ಹುಡುಗಿ ತಡೆಯಲಾಗದೆ ಜೋರಾಗಿ ನಗುತ್ತಾಳೆ. ನಮ್ಮನ್ನು ಮಂಗ ಮಾಡಿದಳು ಅಂತ ಸಿಟ್ಟಾಗಿ ಅವರು ಹೊರಟುಹೋಗುತ್ತಾರೆ. ಆಮೇಲೆ ಮನೆಯೊಳಗೇ ವಾದ. ಹುಡುಗಿ ಮಾಡಿದ್ದು ಸರಿಯೋ ತಪ್ಪೋ?

ಅಷ್ಟಕ್ಕೇ ನಿಂತಿದ್ದರೆ ತಮಾಷೆ ಅನ್ನಬಹುದಿತ್ತು. ಮುಂದೆ ನೋಲಿಯ ಮನೆಯಲ್ಲಿದ್ದ ಯೆಹೂದ್ಯ ಹುಡುಗಿಯನ್ನು ತೋರಿಸಿ ಇವಳು ಯೆಹೂದ್ಯಳಾ ಅಂತ ಕೇಳಿದಾಗ ನೋಲಿ ಹೌದು ಅನ್ನುತ್ತಾಳೆ. ಇಬ್ಬರನ್ನೂ ಹಿಡಿದುಕೊಂಡು ಹೋಗುತ್ತಾರೆ. ಕೊರಿಗೆ ಅಕ್ಕನ ಮೇಲೆ ಎಲ್ಲಿಲ್ಲದ ಕೋಪ. ಬೇರೆಯವರ ಜೀವ ಪಣಕ್ಕಿಟ್ಟು ನಿಜ ಹೇಳುವ ಹಕ್ಕು ಯಾರು ಕೊಟ್ಟರು? ಕೆಲವೇ ದಿನಗಳಲ್ಲಿ ಭೂಗತರಾಗಿ ಹೋರಾಡುತ್ತಿದ್ದವರು ಆ ಹುಡುಗಿಯನ್ನೂ ಅವಳ ಜೊತೆ ಇದ್ದ ಇನ್ನಷ್ಟು ಜನರನ್ನೂ ಬಿಡಿಸುತ್ತಾರೆ. ಸರಿ, ಬಿಡಿಸದೇ ಇದ್ದಿದ್ದರೆ? ಚೀಟಿಯಲ್ಲಿ ಇದ್ದ ಪ್ರಶ್ನೆ ಇಷ್ಟೇ: "ಕಥೆ ಸುಖವಾಗಿ ಮುಗಿದದ್ದಕ್ಕೆ ನೋಲಿ ಮಾಡಿದ್ದು ಸರಿಯಾಗಿಬಿಡುತ್ತದಾ?"

ಬೈಬಲ್ ಓದಿದವರಿಗೆ ಇಲ್ಲಿ ಕೈಗೆ ಸಿಗುವ ಉದಾಹರಣೆಗಳು ಬೇಕಾದಷ್ಟು. ವಿಮೋಚನಕಾಂಡದ ಮೊದಲ ಅಧ್ಯಾಯದ ಸೂಲಗಿತ್ತಿಯರು ಗಂಡುಕೂಸುಗಳನ್ನು ಉಳಿಸಲು ಫರೋಹನಿಗೆ ಹೇಳಿದ್ದು ಅಪ್ಪಟ ನಿಜವೇನಲ್ಲ. ಯೆರಿಕೋವಿನ ರಾಹಾಬಳು ಗೂಢಚಾರರನ್ನು ಮಾಳಿಗೆಯಲ್ಲಿ ಬಚ್ಚಿಟ್ಟು, ಹೊರಟುಹೋದರು ಅಂತ ರಾಜನ ಆಳುಗಳಿಗೆ ಹೇಳಿದಳು. ಅವಳ ಹೆಸರು ಮತ್ತಾಯನು ಕೊಡುವ ಯೇಸುವಿನ ವಂಶಾವಳಿಯಲ್ಲೇ ಇದೆ. ಇನ್ನೊಂದು ಕಡೆ ಸುಳ್ಳುಸಾಕ್ಷಿ ಹೇಳಬಾರದು ಅನ್ನುವ ದಶಾಜ್ಞೆ ಇದೆ. ಇದನ್ನು ನಾನು ನಾಲ್ಕು ಜನರ ಮುಂದೆ ಹೇಳಿದ್ದೇ ತಡ, ಅಲ್ಲಿಯೇ ಎರಡು ಪಕ್ಷವಾಯಿತು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ.

ಅದರ ಮುಂದಿನ ತಿಂಗಳಿಗೆ ಜರ್ಮನಿಯ ಬೋನ್‌ಹಾಫರ್ ಅವರ ಪುಸ್ತಕ ಇಟ್ಟಿದ್ದೂ ಇದಕ್ಕೇ. ನಾಜಿಗಳ ಜೈಲಿನಲ್ಲಿ ಕೂತು ನಿಜ ಹೇಳುವುದು ಅಂದರೇನು ಅಂತ ಪ್ರಬಂಧ ಬರೆಯಲು ಹೊರಟು ಮುಗಿಸಲಾಗದೇ ಹೋದ ಪಾಸ್ಟರ್ ಅವರು. ಆದರೆ ನಾವು ಓದುವುದು ಅವರ 'ಲೈಫ್ ಟುಗೆದರ್'. ಫಿಂಕೆನ್‌ವಾಲ್ಡೆ ಎಂಬಲ್ಲಿ ಅವರು ನಡೆಸುತ್ತಿದ್ದ ಸೆಮಿನರಿಯನ್ನು, ಅಂದರೆ ಪಾಸ್ಟರುಗಳ ತರಬೇತಿ ಶಾಲೆಯನ್ನು, 1937ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಮುಚ್ಚಿಸಿತು. ಅಲ್ಲಿ ಒಟ್ಟಿಗೆ ಬಾಳಿದ ಅನುಭವವನ್ನು ಮರುವರ್ಷ ಬರೆದರು, 1939ರಲ್ಲಿ ಪುಸ್ತಕ ಹೊರಬಂತು. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವರನ್ನು ನೇಣಿಗೆ ಹಾಕಿದರು. ವಯಸ್ಸು 39.

ಸಣ್ಣ ಪುಸ್ತಕ, ಆದರೆ ಚರ್ಚಿನ ಕಮಿಟಿಯಲ್ಲಿ ಇರುವವರೆಲ್ಲ ಕಡ್ಡಾಯವಾಗಿ ಓದಬೇಕು ಅಂತ ನನ್ನ ಪ್ರಕಾರ. ಸಭೆ, ಅಂದರೆ ಚರ್ಚಿನ ಸಮುದಾಯ, ಹೀಗಿರಬೇಕು ಅಂತ ಕನಸು ಕಟ್ಟಿಕೊಂಡು, ಆ ಕನಸನ್ನೇ ಜನರಿಗಿಂತ ಹೆಚ್ಚು ಪ್ರೀತಿಸುವವರು ಸಭೆಯನ್ನೇ ಹಾಳು ಮಾಡುತ್ತಾರೆ ಅಂತ ಬೋನ್‌ಹಾಫರ್ ಮೊದಲ ಅಧ್ಯಾಯದಲ್ಲೇ ಹೇಳಿಬಿಡುತ್ತಾರೆ. ಅವರ ಸೆಮಿನರಿಯಲ್ಲಿ ಒಂದು ನಿಯಮವೂ ಇತ್ತು. ಎದುರಿಗೆ ಇಲ್ಲದವರ ಬಗ್ಗೆ ಮಾತಾಡಬಾರದು, ಮಾತಾಡಿದರೆ ಆಮೇಲೆ ಹೋಗಿ ಅವರಿಗೇ ಹೇಳಬೇಕು. ಆ ತಿಂಗಳು ನಾವೂ ಇದನ್ನು ಪಾಲಿಸಿ ನೋಡೋಣ ಅಂತ ಸಲಹೆ ಬಂತು. ಒಂದು ವಾರ ಸಾಕು ಅಂತ ತಕ್ಷಣ ತಿದ್ದುಪಡಿಯೂ ಬಂತು.

ಪಂಡಿತಾ ರಮಾಬಾಯಿ ಅವರ ಸಾಕ್ಷಿ, ಅಂದರೆ ತಾವು ನಂಬಿಕೆಗೆ ಬಂದ ಕಥೆ, ಪಟ್ಟಿಗೆ ಬರಲಿ ಅಂತ ಹಟ ಹಿಡಿದವಳು ನಾನೇ. ನಾನೇ ಚರ್ಚೆ ನಡೆಸಬೇಕು ಕೂಡ. 'ಎ ಟೆಸ್ಟಿಮನಿ ಆಫ್ ಅವರ್ ಇನೆಕ್ಸಾಸ್ಟಿಬಲ್ ಟ್ರೆಜರ್' ಅಂತ 1907ರಲ್ಲಿ ಬಂದ ಪುಟ್ಟ ಪುಸ್ತಕ. ಸಂಸ್ಕೃತ ಕಲಿಸಿದ ತಂದೆತಾಯಿ, ಕ್ಷೇತ್ರದಿಂದ ಕ್ಷೇತ್ರಕ್ಕೆ ಬರಿಗಾಲಲ್ಲಿ ಅಲೆದದ್ದು, ಬರಗಾಲದಲ್ಲಿ ಒಬ್ಬೊಬ್ಬರನ್ನೇ ಕಳೆದುಕೊಂಡದ್ದು, ಕಲ್ಕತ್ತೆಯ ಪಂಡಿತರು ಬಿರುದು ಕೊಟ್ಟದ್ದು, ಎಲ್ಲವನ್ನೂ ಬೆಳೆಸದೆ ಹೇಳುತ್ತಾರೆ. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಕ್ರೈಸ್ತರಾಗುವ ದೀಕ್ಷಾಸ್ನಾನ. ಸಾಮಾನ್ಯವಾಗಿ ಸಾಕ್ಷಿ ಅಲ್ಲಿಗೆ ಮುಗಿಯುತ್ತದೆ. ಇವರದ್ದು ಮುಗಿಯುವುದಿಲ್ಲ. ಆಗ ನನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತ ಸಿಕ್ಕಿದ್ದು ಇನ್ನೆಷ್ಟೋ ವರ್ಷದ ಮೇಲೆ ಅಂತ ಬರೆಯುತ್ತಾರೆ.

ಇದರ ಜೊತೆಗೆ ಅವರು ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಅವರಿಗೆ ಬರೆದ ಕೆಲವು ಪತ್ರಗಳನ್ನೂ ಓದುತ್ತೇವೆ. ಈಗಷ್ಟೇ ಒಂದು ಪುರೋಹಿತರ ನೊಗದಿಂದ ಬಿಡಿಸಿಕೊಂಡಿದ್ದೇನೆ, ಇನ್ನೊಂದು ನೊಗಕ್ಕೆ ಕುತ್ತಿಗೆ ಕೊಡಲಾರೆ ಅನ್ನುವ ಅರ್ಥದ ಮಾತು ಅಲ್ಲಿದೆ. ಚರ್ಚ್ ಹೇಳುತ್ತದೆ ಅನ್ನುವ ಕಾರಣಕ್ಕೆ ಯಾವುದನ್ನೂ ನಂಬುವುದಿಲ್ಲ, ನಾನೇ ಓದಿ ತೂಗಿ ನೋಡುತ್ತೇನೆ ಅನ್ನುವ ಹೆಂಗಸು. ಕೊನೆಗೆ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನೇ ಮರಾಠಿಗೆ ತಂದರು. 1922ರಲ್ಲಿ ತೀರಿಕೊಂಡರು. ನಮ್ಮ ಸ್ತ್ರೀಯರ ಕೂಟದಲ್ಲಿ ಅವರ ಫೋಟೋ ಹಾಕಿ ಹಾಡು ಹೇಳಿಬಿಡುವುದು ಸುಲಭ. ಅವರ ಹಾಗೆ ಪಾಸ್ಟರಿಗೆ ಎದುರು ಪ್ರಶ್ನೆ ಕೇಳಿದರೆ ಎಷ್ಟು ಜನ ಸಹಿಸುತ್ತಾರೆ ಅಂತ ನನ್ನ ಚೀಟಿಯಲ್ಲಿ ಬರೆದೆ. ಪಾಸ್ಟರ್ ನಕ್ಕು ಮೊದಲು ಕೈ ಎತ್ತಿದರು.

ಶುಸಾಕು ಎಂಡೋ ಅವರ 'ಸೈಲೆನ್ಸ್' ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಪಟ್ಟಿಯಲ್ಲಿ ಇದೊಂದೇ ಪುಸ್ತಕವನ್ನು ಬೇಡ ಅಂತ ಕೆಲವರು ನೇರವಾಗಿ ಹೇಳಿದ್ದು. ಹದಿನೇಳನೇ ಶತಮಾನದ ಜಪಾನ್. ಕ್ರೈಸ್ತ ಧರ್ಮವನ್ನು 1614ರಲ್ಲೇ ನಿಷೇಧಿಸಿದ್ದಾರೆ. ಪೋರ್ಚುಗೀಸ್ ಪಾದ್ರಿ ಫೆರೇರಾ ಚಿತ್ರಹಿಂಸೆಗೆ ಸೋತು ನಂಬಿಕೆ ಬಿಟ್ಟ ಅನ್ನುವ ಸುದ್ದಿ ಬರುತ್ತದೆ. ಇದು ನಡೆದ ಸಂಗತಿ, 1633ರದ್ದು. ಅದನ್ನು ನಂಬಲಾರದೆ ಅವನ ಶಿಷ್ಯ ರಾಡ್ರಿಗೆಸ್ ಕದ್ದುಮುಚ್ಚಿ ಜಪಾನಿಗೆ ಬರುತ್ತಾನೆ. ಅಧಿಕಾರಿಗಳು ಕ್ರಿಸ್ತನ ಚಿತ್ರವಿರುವ ಫಲಕವನ್ನು ನೆಲದ ಮೇಲಿಟ್ಟು ತುಳಿ ಅನ್ನುತ್ತಾರೆ. ತುಳಿದರೆ ಬದುಕು, ಇಲ್ಲವಾದರೆ ಸಾವು. ಸಾವು ನಿನಗಾದರೆ ಒಂದು ಮಾತು. ನಿನ್ನಿಂದಾಗಿ ಬಡ ರೈತರು ನರಳುತ್ತಿದ್ದರೆ?

ಎಂಡೋ ಚಿಕ್ಕ ವಯಸ್ಸಿನಲ್ಲೇ ತಾಯಿಯ ಒತ್ತಾಸೆಗೆ ದೀಕ್ಷಾಸ್ನಾನ ಪಡೆದವರು. ಆ ನಂಬಿಕೆ ತಮಗೆ ಅಳತೆ ಸರಿಹೋಗದ ಪರದೇಶದ ಸೂಟಿನ ಹಾಗೆ ಇತ್ತು, ಆದರೂ ಬಿಚ್ಚಿಹಾಕಲು ಆಗಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. 1966ರಲ್ಲಿ ಬಂದ ಕಾದಂಬರಿ ಇದು. ನಂಬಿಕೆ ಬಿಟ್ಟವನ ಕಥೆಯನ್ನು ಯುವಕರ ಕೈಗೆ ಕೊಡುವುದಾ ಅಂತ ಆಕ್ಷೇಪ ಬಂತು. ಆಗ ಯಾವತ್ತೂ ಹೆಚ್ಚು ಮಾತಾಡದ ಒಬ್ಬರು, "ಪೇತ್ರ ಯೇಸುವನ್ನು ಮೂರು ಸಲ ಅಲ್ಲಗಳೆದದ್ದನ್ನು ಸಂಡೇ ಸ್ಕೂಲಲ್ಲೇ ಹೇಳಿಕೊಡ್ತೀವಲ್ಲ" ಅಂದರು. ಮತ ಹಾಕಿದೆವು, ಸ್ವಲ್ಪದರಲ್ಲಿ ಗೆದ್ದಿತು.

ನನಗೆ ಇದರಲ್ಲಿ ಮರೆಯಲಾಗದವನು ರಾಡ್ರಿಗೆಸ್ ಅಲ್ಲ, ಕಿಚಿಜಿರೊ. ಕುಡುಕ, ಹೇಡಿ. ಮನೆಯವರೆಲ್ಲ ಹುತಾತ್ಮರಾದರು, ಇವನೊಬ್ಬ ಚಿತ್ರ ತುಳಿದು ಬದುಕಿಕೊಂಡ. ಪಾದ್ರಿಯನ್ನು ಹಿಡಿದುಕೊಟ್ಟವನೂ ಇವನೇ. ಆಮೇಲೆ ಮತ್ತೆ ಮತ್ತೆ ಬಂದು ಪಾಪನಿವೇದನೆ ಕೇಳಿ ಅಂತ ಗೋಗರೆಯುತ್ತಾನೆ. ಹಿಂಸೆ ಇಲ್ಲದ ಕಾಲದಲ್ಲಿ ಹುಟ್ಟಿದ್ದರೆ ನಾನೂ ಒಳ್ಳೆ ಕ್ರೈಸ್ತನಾಗಿ ಬಾಳುತ್ತಿದ್ದೆ ಅನ್ನುತ್ತಾನೆ. ಪ್ರತಿ ಭಾನುವಾರ ಅಚ್ಚುಕಟ್ಟಾಗಿ ಆರಾಧನೆಗೆ ಹೋಗುವ ನಮ್ಮಂಥವರು ಈ ಮಾತಿಗೆ ಏನು ಹೇಳುತ್ತೇವೆ ನೋಡಬೇಕು. ಒಂದು ಕಿವಿಮಾತು: ಕೊನೆಯಲ್ಲಿ ಒಬ್ಬ ಅಧಿಕಾರಿಯ ದಿನಚರಿ ಬರುತ್ತದೆ. ಒಣಒಣ ಕಚೇರಿ ದಾಖಲೆ. ಬೋರ್ ಅಂತ ಹಾರಿಸಿಬಿಡಬೇಡಿ. ಕಥೆ ನಿಜಕ್ಕೂ ಎಲ್ಲಿ ಮುಗಿಯಿತು ಅನ್ನುವುದು ಅಲ್ಲೇ ಇದೆ.

ಬೇಡ ಅಂತ ಬಿಟ್ಟವುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಕಾಣಿಕೆ ಕೊಟ್ಟಷ್ಟೂ ದೇವರು ಹಣ ಕೊಡುತ್ತಾನೆ ಅನ್ನುವ ಜಾತಿಯ ಪುಸ್ತಕ ಒಂದು ಬಂದಿತ್ತು. ಚೀಟಿಯ ಕೊನೆ ಪ್ರಶ್ನೆಗೆ "ಯಾರೂ ಒಪ್ಪದೇ ಇರಲಾರರು" ಅಂತ ಬರೆದಿದ್ದರು. ನಿಯಮದ ಪ್ರಕಾರ ಬಿದ್ದುಹೋಯಿತು, ನನಗೆ ಖುಷಿಯೇ. ಲೋಕಾಂತ್ಯದ ತಾರೀಖು ಲೆಕ್ಕ ಹಾಕುವ ಪುಸ್ತಕವೂ ಹೋಯಿತು. ಸಿ. ಎಸ್. ಲೂಯಿಸರ 'ಮಿಯರ್ ಕ್ರಿಶ್ಚಿಯಾನಿಟಿ' ಬಹಳ ಜನ ಓದಿರುವುದರಿಂದ ಬಿಟ್ಟೆವು. ಅದರ ಬದಲು ನವೆಂಬರಿಗೆ ಅವರದ್ದೇ 'ಎ ಗ್ರೀಫ್ ಅಬ್ಸರ್ವ್ಡ್'. ಹೆಂಡತಿ ಜಾಯ್ 1960ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಬರೆದಿಟ್ಟ ಟಿಪ್ಪಣಿಗಳು. ಮರುವರ್ಷ ಎನ್. ಡಬ್ಲ್ಯು. ಕ್ಲರ್ಕ್ ಅನ್ನುವ ಹೆಸರಲ್ಲಿ ಅಚ್ಚಾಯಿತು. ನಂಬಿಕೆಯ ಪರ ಅಷ್ಟು ಚೆನ್ನಾಗಿ ವಾದ ಮಾಡಿದ ಮನುಷ್ಯ ಇಲ್ಲಿ ದೇವರ ಮೇಲೆ ಸಿಟ್ಟಾಗುತ್ತಾರೆ, ಅನುಮಾನ ಪಡುತ್ತಾರೆ, ಸಮಾಧಾನ ಹೇಳಲು ಬರುವವರನ್ನು ಕಂಡರೆ ಉರಿದುಬೀಳುತ್ತಾರೆ. ನಮ್ಮಲ್ಲಿ ಈಚೆಗೆ ಮನೆಯವರನ್ನು ಕಳೆದುಕೊಂಡವರು ಇದ್ದಾರೆ. ಅವರಲ್ಲೇ ಒಬ್ಬರು ಈ ಪುಸ್ತಕ ಕೇಳಿದ್ದು. ಆ ಸಂಜೆ ಯಾರೂ "ಎಲ್ಲಾ ದೇವರ ಚಿತ್ತ" ಅನ್ನಬಾರದು ಅನ್ನುವುದು ಅವರದ್ದೇ ಷರತ್ತು.

ಡಿಸೆಂಬರಿನಲ್ಲಿ ಹೊಸ ಪುಸ್ತಕ ಇಲ್ಲ. ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯ. ಒಂದನೇ ತಾರೀಖಿನಿಂದ ದಿನಕ್ಕೊಂದು ಓದಿದರೆ ಕ್ರಿಸ್‌ಮಸ್ ಹಿಂದಿನ ದಿನಕ್ಕೆ ಮುಗಿಯುತ್ತದೆ.

ಅಕ್ಟೋಬರ್ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ನಮ್ಮಲ್ಲೊಬ್ಬರು ನಿವೃತ್ತ ಲೆಕ್ಕದ ಮೇಷ್ಟ್ರು ಇದ್ದಾರೆ. ದಾಸ್ತೋವ್‌ಸ್ಕಿಯ 'ದಿ ಬ್ರದರ್ಸ್ ಕರಮಜೋವ್' ಓದಲೇಬೇಕು ಅಂತ ವರ್ಷಾ ವರ್ಷಾ ಚೀಟಿ ಹಾಕುತ್ತಾರೆ. ಅಷ್ಟು ದಪ್ಪ ಪುಸ್ತಕ ಅಂತ ನಾವು ವರ್ಷಾ ವರ್ಷಾ ಬೀಳಿಸುತ್ತೇವೆ. ಈ ಸಲ ಅವರು ಜಾಣತನ ಮಾಡಿದರು. ಇಡೀ ಕಾದಂಬರಿ ಬೇಡ, ಐದನೇ ಭಾಗದ 'ಗ್ರಾಂಡ್ ಇನ್‌ಕ್ವಿಸಿಟರ್' ಅಧ್ಯಾಯ ಒಂದೇ ಸಾಕು ಅಂದರು. ಎಲ್ಲರೂ ಒಪ್ಪಿ ಕೈ ಎತ್ತಿದೆವು. ಮರುದಿನ ಗುಂಪಿಗೆ ಮೆಸೇಜ್ ಬಂತು, ಅದರ ಹಿಂದಿನ 'ರೆಬೆಲಿಯನ್' ಅಧ್ಯಾಯ ಓದದಿದ್ದರೆ ಇದು ಅರ್ಥವಾಗುವುದಿಲ್ಲ ಅಂತ. ನಿಜವೇ, ಮುಗ್ಧ ಮಕ್ಕಳು ಪಡುವ ಕಷ್ಟದ ಬಗ್ಗೆ ಕರಮಜೋವ್ ಸಹೋದರರಲ್ಲಿ ಒಬ್ಬನಾದ ಇವಾನ್ ಎತ್ತುವ ಪ್ರಶ್ನೆ ಅಲ್ಲೇ ಇರುವುದು. ಸರಿ ಅಂದೆವು. ಮೊನ್ನೆ ಆರಾಧನೆ ಮುಗಿದ ಮೇಲೆ ಬಾಗಿಲಲ್ಲೇ ನನ್ನನ್ನು ತಡೆದು, ಇವಾನನ ಪ್ರಶ್ನೆಗೆ ದಾಸ್ತೋವ್‌ಸ್ಕಿ ಉತ್ತರ ಇಟ್ಟಿರುವುದು ಆರನೇ ಭಾಗದಲ್ಲಿ, ಜೋಸಿಮಾ ಸನ್ಯಾಸಿಯ ಮಾತುಗಳಲ್ಲಿ, ಪ್ರಶ್ನೆ ಓದಿ ಉತ್ತರ ಬಿಡುವುದು ನ್ಯಾಯವಾ ಅಂತ ಕೇಳಿದರು. ಅಕ್ಟೋಬರ್ ಬರುವಷ್ಟರಲ್ಲಿ ಪೂರ್ತಿ ಕಾದಂಬರಿ ಓದಿಸಿಯೇ ಬಿಡುತ್ತಾರೆ ಈ ಮೇಷ್ಟ್ರು. ದೊಡ್ಡಕ್ಷರದ ಪ್ರತಿ ಎಲ್ಲಿ ಸಿಗುತ್ತದೆ ಅಂತ ನಾನು ಆಗಲೇ ಹುಡುಕಲು ಶುರುಮಾಡಿದ್ದೇನೆ.